ಚಿತ್ರದ ಎದುರೇ ಮಾತು ನಡೆಯಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕಲಾ ಸಂಗ್ರಹಾಲಯಗಳಲ್ಲಿ ಸಾರ್ವಜನಿಕರಿಗಾಗಿ ಉಪನ್ಯಾಸ, ಸಂವಾದಗಳು ನಡೆಯುತ್ತಿರುವುದು ಸಂತೋಷದ ಸಂಗತಿ. ನಾನು ಚಳ್ಳಕೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಗಳ ಮನೆಗೆ ಬಂದಾಗಲೆಲ್ಲ ಇಂಥ ಕಾರ್ಯಕ್ರಮ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುತ್ತೇನೆ. ನಡೆಸುವವರಲ್ಲಿ ನನ್ನದೊಂದು ಕೋರಿಕೆಯಿದೆ. ಮಾತನ್ನು ಸಭಾಂಗಣದಿಂದ ಆಚೆ ತಂದು ಚಿತ್ರಗಳ ಎದುರೇ ನಡೆಸಿ. ಕೇಳಲು ಬಂದವರಿಗೂ ಬಾಯಿಬಿಡಲು ಅವಕಾಶ ಕೊಡಿ.

ಹಿಂದೊಮ್ಮೆ ಒಂದು ಕಡೆ ಬಂಗಾಳದ ಚಿತ್ರಕಾರರ ಬಗ್ಗೆ ಉಪನ್ಯಾಸವಿತ್ತು. ಮಾತಾಡಿದವರು ಬಹಳ ಓದಿಕೊಂಡವರು. ದೀಪ ಆರಿಸಿ ಪರದೆಯ ಮೇಲೆ ಸ್ಲೈಡ್ ತೋರಿಸುತ್ತಾ ಹೋದರು. ಜಾಮಿನಿ ರಾಯ್ ಸರದಿ ಬಂದಾಗ, ಅವರು ಎಣ್ಣೆಬಣ್ಣದ ಪಾಶ್ಚಾತ್ಯ ರೀತಿಯನ್ನು ಬಿಟ್ಟು ಮಣ್ಣು, ಕಲ್ಲುಗಳಿಂದ ತೆಗೆದ ಬಣ್ಣವನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಬಳಸಿದರೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗಿಬಿಟ್ಟರು. ನಾನು ಮಾತ್ರ ಅಲ್ಲೇ ನಿಂತೆ. ನಮ್ಮದು ಕಂಬಳಿ ನೇಯುವ ಮನೆ. ಹುಣಸೆಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ ಅರೆದು, ಕುದಿಸಿ ಗಂಜಿ ಮಾಡಿ ಮಗ್ಗದ ಉಣ್ಣೆಯ ಹಾಸುನೂಲಿಗೆ ಬಳಿಯುವುದನ್ನು ನೋಡುತ್ತಲೇ ಬೆಳೆದೆ. ಗಂಜಿ ತೆಳ್ಳಗಾದರೆ ನೂಲು ನಿಲ್ಲುವುದಿಲ್ಲ, ಗಟ್ಟಿಯಾದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ಅದರ ಹದ ನಮ್ಮ ಅವ್ವನ ಬೆರಳಿಗೆ ಗೊತ್ತಿತ್ತು. ಮಳೆಗಾಲದಲ್ಲಿ ಎರಡು ದಿನ ಇಟ್ಟರೆ ಬೂಷ್ಟು ಹಿಡಿಯುವ ಆ ಗಂಜಿ, ಬಂಗಾಳದ ತೇವದ ಹವೆಯಲ್ಲಿ ಚಿತ್ರದ ಮೇಲೆ ಇಷ್ಟು ವರ್ಷ ಹೇಗೆ ಬಾಳಿತು? ಅದನ್ನು ಕೇಳಬೇಕೆನಿಸಿತ್ತು. ಆದರೆ ಪ್ರಶ್ನೆಗೆಂದು ಉಳಿಸಿದ್ದು ಕೊನೆಯ ಹತ್ತು ನಿಮಿಷ. ಮುಂದಿನ ಸಾಲಿನವರು ಇಂಗ್ಲಿಷಿನಲ್ಲಿ ಎರಡು ಮೂರು ಪ್ರಶ್ನೆ ಕೇಳಿದರು. ನನ್ನ ಪಕ್ಕದಲ್ಲಿದ್ದ, ದಾವಣಗೆರೆಯಲ್ಲಿ ದೃಶ್ಯಕಲೆ ಓದುತ್ತಿದ್ದ ಹುಡುಗ ಎದ್ದುನಿಂತು ಕನ್ನಡದಲ್ಲಿ ಶುರು ಮಾಡಿದ. ಸಮಯವಾಯಿತು, ಹೊರಗೆ ಚಹಾ ಇದೆ ಎಂದರು. ಬಸ್ಸಿನಲ್ಲಿ ಅಷ್ಟು ದೂರ ಬಂದ ಹುಡುಗ ಸುಮ್ಮನೆ ಕೂತ. ನನಗೆ ತುಂಬ ನೋವಾಯಿತು.

ಪರದೆಯ ಮೇಲೆ ಚಿತ್ರದ ಅಳತೆಯೂ ಹೋಗುತ್ತದೆ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ಹತ್ತಿರ ಹೋಗಿ, ಬಾಗಿ ನೋಡಬೇಕು. ಗೋಡೆಯಗಲ ಹಿಗ್ಗಿಸಿದರೆ ಆ ಮಂಜು ಬರೀ ಬೂದು ಬಣ್ಣವಾಗಿ ಕಾಣುತ್ತದೆ. ಅವರ ಪ್ಲಾಸ್ಟರ್ ಉಬ್ಬುಶಿಲ್ಪಗಳಂತೂ ಪಕ್ಕದಿಂದ ಬೆಳಕು ಬಿದ್ದಾಗಲೇ ಏಳುವಂಥವು. ಮೈಸೂರಿನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ವೀಣೆಯನ್ನೂ ಅಷ್ಟೇ ನಿಷ್ಠೆಯಿಂದ ಅಭ್ಯಾಸ ಮಾಡಿದವರು ವೆಂಕಟಪ್ಪ. ಅವರ ಶಿಲ್ಪದ ಮುಂದೆ ಕಲಾವಿಮರ್ಶಕರ ಜೊತೆಗೆ ಒಬ್ಬ ವೈಣಿಕರನ್ನೂ ಒಬ್ಬ ಗಾರೆ ಮೇಸ್ತ್ರಿಯನ್ನೂ ನಿಲ್ಲಿಸಿ ಮಾತಾಡಿಸಿದರೆ ಎಷ್ಟು ಸಂಗತಿ ಹೊರಬರುತ್ತದೆ! ಚಿತ್ರಕಾರ ಕೆ.ಕೆ. ಹೆಬ್ಬಾರರು ಲಯ ಹಿಡಿಯಲೆಂದೇ ಕಥಕ್ ಕಲಿತವರು. ಅವರ ರೇಖೆಗಳ ಎದುರು ನೃತ್ಯಗಾರ್ತಿಯೊಬ್ಬರು ಹೆಜ್ಜೆ ಹಾಕಿ ತೋರಿಸಿದರೆ ಹೈಸ್ಕೂಲು ಮಕ್ಕಳಿಗೂ ಒಮ್ಮೆಗೇ ಅರ್ಥವಾಗುತ್ತದೆ.

ಇದಕ್ಕೆ ಜಾಗದ ಕೊರತೆಯಿಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಆ ಹಳೆಯ ಬಂಗಲೆಯ ಕೋಣೆಗಳು ಇಪ್ಪತ್ತು ಮೂವತ್ತು ಜನ ನಿಂತು ಮಾತಾಡಲು ಹೇಳಿ ಮಾಡಿಸಿದಂತಿವೆ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್‌ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಸಂಗ್ರಹದಲ್ಲಿ ಚಿತ್ರ, ಛಾಯಾಚಿತ್ರಗಳಷ್ಟೇ ಅಲ್ಲ, ಜವಳಿ ಮತ್ತು ಜನಪದ ಕಲೆಯೂ ಇವೆ. ಅದೇ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಅದನ್ನು ಖಾಸಗಿಯವರ ಉಸ್ತುವಾರಿಗೆ ಒಪ್ಪಿಸಬಾರದೆಂದು 2016ರಲ್ಲಿ ಕಲಾವಿದರೇ ಬೀದಿಗಿಳಿದಿದ್ದರು. ಹಾಗೆ ಬೀದಿಗಿಳಿದವರ ಊರಿನಲ್ಲಿ ಕಲೆಯ ಬಗ್ಗೆ ಮಾತಾಡುವವರಿಗೆ ಬರವಿದೆ ಎಂದು ನಾನು ನಂಬುವುದಿಲ್ಲ.

ವಿದ್ವಾಂಸರ ಉಪನ್ಯಾಸ ಬೇಡವೆಂದು ಹೇಳುತ್ತಿಲ್ಲ. ಅವು ಬೇಕೇ ಬೇಕು, ಇಂಗ್ಲಿಷಿನಲ್ಲೂ ಇರಲಿ. ಅದರ ಜೊತೆಗೆ ತಿಂಗಳಿಗೆ ಒಂದಾದರೂ ಗೋಷ್ಠಿ ಕನ್ನಡದಲ್ಲಿ ನಡೆಯಲಿ. ಮೊದಲ ಇಪ್ಪತ್ತು ನಿಮಿಷ ತಿಳಿದವರು ಹೇಳಲಿ, ಉಳಿದ ಹೊತ್ತೆಲ್ಲ ಬಂದವರದಾಗಲಿ. ಜಾಮಿನಿ ರಾಯ್ ಚಿತ್ರವನ್ನು ಗೋಡೆಗೆ ಏರಿಸಿದಾಗ ತಿಳಿಸಿದರೆ, ಹುಣಸೆಬೀಜದ ಗಂಜಿ ಕಾಸಿ ಹದ ತೋರಿಸಬಲ್ಲ ಹೆಣ್ಣುಮಕ್ಕಳನ್ನು ಚಳ್ಳಕೆರೆಯಿಂದ ನಾನೇ ಕರೆತರುತ್ತೇನೆ.

ಹೊತ್ತಿನ ಬಗ್ಗೆಯೂ ಯೋಚಿಸಬೇಕು. ವಾರದ ನಡುವೆ ಸಂಜೆ ಆರೂವರೆಗೆ ಶುರುವಾಗಿ ಎಂಟೂವರೆಗೆ ಮುಗಿದರೆ ತುಮಕೂರು, ರಾಮನಗರದವರೂ ಬರಲಾರರು. ನಮ್ಮ ಕಡೆಯವರ ಮಾತಂತೂ ಬಿಡಿ. ತಾಲ್ಲೂಕುಗಳ ಚಿತ್ರಕಲಾ ಶಿಕ್ಷಕರು ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತಾರೆ, ಪ್ರತಿಭಾ ಕಾರಂಜಿಗೆ ಕರೆದೊಯ್ಯುತ್ತಾರೆ. ಇವರಲ್ಲಿ ಹೆಚ್ಚಿನವರು ಮೂಲ ಚಿತ್ರಗಳನ್ನು ಕಂಡಿರುವುದು ಪುಸ್ತಕದ ಪುಟದಲ್ಲಿ ಮಾತ್ರ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಅವರು ರಜೆ ಹಾಕಬೇಕಿಲ್ಲ, ಅನ್ಯಕಾರ್ಯ ನಿಮಿತ್ತದ (ಒಒಡಿ) ಅನುಮತಿಗೆ ಅರ್ಜಿ ಹಿಡಿದು ಅಲೆಯಬೇಕಿಲ್ಲ. ಮೊದಲ ಬಸ್ಸಿಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದು. ಜಿಲ್ಲೆಗಳ ಶಿಕ್ಷಣ ಇಲಾಖೆಯ ಕಚೇರಿಗಳಿಗೆ ಹದಿನೈದು ದಿನ ಮುಂಚೆ ಕನ್ನಡದಲ್ಲಿ ಒಂದು ಸುತ್ತೋಲೆ ಕಳಿಸಿ. ಯಾರು ಯಾರು ಬರುತ್ತಾರೆಂದು ಆಮೇಲೆ ನೋಡಿ.

— ನಿವೃತ್ತ ಚಿತ್ರಕಲಾ ಶಿಕ್ಷಕ, ಚಳ್ಳಕೆರೆ