ಡಬ್ಬ ಬಡಿದರೆ ಹದ್ದು ಹೋಗುವುದಿಲ್ಲ

ಮಾನ್ಯರೇ,

ಕಳೆದ ತಿಂಗಳು ಉತ್ತರದ ಒಂದು ಊರಿನಿಂದ ವಾಪಸ್ ಬರುವಾಗ, ವಿಮಾನ ನೆಲ ಬಿಟ್ಟು ಅರೆ ನಿಮಿಷವೂ ಆಗಿರಲಿಲ್ಲ, ಬಲಗಡೆ ಢಬ್ ಎಂದಿತು. ಹಿಂದೆಯೇ ವಾಸನೆ ಬಂತು. ಕೋಳಿ ಕೊಯ್ದು ಬೆಂಕಿಗೆ ಹಿಡಿದು ಪುಕ್ಕ ಸುಡುವಾಗ ಬರುತ್ತದಲ್ಲ, ಅದೇ ವಾಸನೆ. "ಇಲ್ಲಿ ಯಾರ್ರೀ ಕೋಳಿ ಸುಡ್ತಿರೋದು?" ಎಂದಳು ಪಕ್ಕದಲ್ಲಿದ್ದ ಹೆಂಡತಿ. ಎಂಜಿನ್ನಿಗೆ ಹಕ್ಕಿ ಹೊಕ್ಕಿತ್ತು. ಇಪ್ಪತ್ತು ನಿಮಿಷ ಸುತ್ತು ಹಾಕಿ ಹೊರಟಲ್ಲಿಗೇ ತಂದು ಇಳಿಸಿದರು.

ಸತ್ತ ಹಕ್ಕಿಗಳನ್ನು ಎಂಜಿನ್ನಿನೊಳಕ್ಕೆ ಹೊಡೆದು ಪರೀಕ್ಷಿಸಿದ ಮೇಲೆಯೇ ಆ ಮಾದರಿಯನ್ನು ಬಳಕೆಗೆ ಬಿಡುತ್ತಾರೆ. ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದರಲ್ಲಿ ವಿಮಾನ ಮೇಲೇರುತ್ತದೆ. ಹಿಂಡೇ ಅಡ್ಡ ಬಂದರೆ ಕಷ್ಟ. 2009ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಹೆಬ್ಬಾತುಗಳ ಹಿಂಡಿಗೆ ಸಿಕ್ಕಿ ಎರಡೂ ಎಂಜಿನ್ ಕೆಟ್ಟಾಗ ಪೈಲಟ್ ಹಡ್ಸನ್ ನದಿಯ ಮೇಲೆ ಇಳಿಸಿದ್ದರಿಂದ 155 ಮಂದಿಯೂ ಬದುಕಿದರು. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯ ಪಕ್ಕ ಅಂಥ ನದಿ ಎಲ್ಲಿದೆ?

ಚಿಕ್ಕಬಳ್ಳಾಪುರದಿಂದ ಹೆದ್ದಾರಿಯಲ್ಲಿ ದಿನಾ ಬೆಂಗಳೂರಿಗೆ ಓಡಾಡುವವನು ನಾನು. ಸೋಮವಾರ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಸಾಕು, ಭಾನುವಾರದ ಕೋಳಿ ವ್ಯಾಪಾರದ ಕಸವೆಲ್ಲ ರಸ್ತೆ ಪಕ್ಕದಲ್ಲಿರುತ್ತದೆ: ಬಿರಿದ ಪ್ಲಾಸ್ಟಿಕ್ ಚೀಲ, ಪುಕ್ಕ, ಕರುಳು, ಎಳೆದಾಡುವ ನಾಯಿಗಳು, ಮೇಲೆ ಗಿರಕಿ ಹೊಡೆಯುವ ಹತ್ತಿಪ್ಪತ್ತು ಹದ್ದು. ಹೊಸತೊಡಕಿನ ಮರುದಿನವಂತೂ ಎಣಿಸಲಾಗದು. ವಿಮಾನ ನಿಲ್ದಾಣದ 10 ಕಿ.ಮೀ. ಸುತ್ತ ಹಕ್ಕಿಗಳನ್ನು ಸೆಳೆಯುವ ಕಸ ಸುರಿಯಬಾರದೆಂದು ವಿಮಾನ ನಿಯಮವೇ ಇದೆ. ನಮ್ಮೂರು ಆ ಗೆರೆಯಿಂದ ಆಚೆಗಿದೆ. ಆದರೆ ಕಸ ತಂದು ಸುರಿಯುವ ಗೂಡ್ಸ್ ಆಟೊಗೆ ಗೆರೆ ಎಲ್ಲಿದೆ, ಹದ್ದಿಗೆ ಎಲ್ಲಿದೆ? ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆದಾಗ ಸುತ್ತಲಿನ ಮಾಂಸದಂಗಡಿ ಮುಚ್ಚಿಸುತ್ತಾರೆ, ಅದು ಮೂರ್ನಾಲ್ಕು ವಾರದ ಮಾತು.

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕಡೆಗೆ ಹರಿಸುವ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆಯ ನೀರಿನಿಂದ ಕೆರೆಗಳು ತುಂಬಿ ಹಕ್ಕಿ ಹೆಚ್ಚಾದವು ಎಂದು ಕೆರೆಯನ್ನೇ ದೂರುವವರೂ ಇದ್ದಾರೆ. ಬರಗಾಲ ಕಂಡ ನಾವು ಈ ಮಾತಾಡಬಾರದು.

ರನ್‌ವೇಯಲ್ಲಿ ಪಟಾಕಿ ಸಿಡಿಸಿ ಹಕ್ಕಿ ಓಡಿಸುತ್ತಾರೆ, ಸರಿ. ಅದರ ಹಣೆಬರಹ ದ್ರಾಕ್ಷಿ ಬೆಳೆಯುವ ನಮಗೆ ಗೊತ್ತಿಲ್ಲವೇ? ಡಬ್ಬ ಬಡಿದರೆ ಎರಡು ದಿನ ಹೆದರುತ್ತವೆ, ಮೂರನೆಯ ದಿನ ಡಬ್ಬದ ಮೇಲೆಯೇ ಬಂದು ಕೂರುತ್ತವೆ. ತಿನ್ನಲು ಸಿಗದ ಹಾಗೆ ಬಲೆ ಹೊದಿಸಿದ ಮೇಲೆಯೇ ತೋಟ ಉಳಿಯುವುದು.

ಕೋಳಿ ಅಂಗಡಿಯವರಿಗೆ ದಂಡ ಹಾಕಿ ಎನ್ನುವುದು ಸುಲಭ. ಪರಿಚಯದ ಅಂಗಡಿಯವನನ್ನು ಕೇಳಿದೆ. ಕಸದ ಗಾಡಿ ಬರುವುದು ಬೆಳಿಗ್ಗೆ ಏಳಕ್ಕೆ, ಅವನು ಬಾಗಿಲು ಹಾಕುವುದು ರಾತ್ರಿ ಒಂಬತ್ತೂವರೆಗೆ. "ರಾತ್ರಿಯೆಲ್ಲ ಕರುಳು ಪಕ್ಕದಲ್ಲಿಟ್ಕೊಂಡು ಮಲಗೋಕಾಗುತ್ತಾ ಸ್ವಾಮಿ?" ಎಂದ. ಭಾನುವಾರ ರಾತ್ರಿ ಹತ್ತಕ್ಕೆ ಒಂದು ಗಾಡಿ, ಹೊಸತೊಡಕಿಗೆ ಎರಡು. ಸಂಬಂಧಪಟ್ಟವರು ಮುಂದಿನ ಯುಗಾದಿಯೊಳಗೆ ಇಷ್ಟು ಮಾಡಲಿ.

– ಒಬ್ಬ ಓದುಗ, ಚಿಕ್ಕಬಳ್ಳಾಪುರ