ಕೋಡ್ ನೋಡಿ ಸೆನ್ಸರ್ ಬದಲಿಸಬೇಡಿ

ಮಾನ್ಯ ಸಂಪಾದಕರೆ,

ಚೆಕ್ ಎಂಜಿನ್ ದೀಪ ಹೊತ್ತಿದ ಕಾರಿಗೆ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಓದುವ ಸಾಧನ) ಹಾಕುವುದು, ಕೋಡ್‌ನಲ್ಲಿ ಯಾವ ಸೆನ್ಸರ್ ಹೆಸರು ಬಂತೋ ಅದನ್ನೇ ಕಿತ್ತು ಹೊಸದು ಹಾಕುವುದು ರೂಢಿಯಾಗಿಬಿಟ್ಟಿದೆ. ಎಷ್ಟೋ ಸಲ ಕೆಲವೇ ದಿನಗಳಲ್ಲಿ ದೀಪ ಮತ್ತೆ ಹೊತ್ತುತ್ತದೆ. ದುಡ್ಡೂ ಹೋಯಿತು, ದೋಷವೂ ಉಳಿಯಿತು. ಕೋಡ್ ನಿಜಕ್ಕೂ ಏನು ಹೇಳುತ್ತದೆ ಎಂಬುದು ಕಾರಿನ ಮಾಲೀಕರಿಗೂ ಗೊತ್ತಿದ್ದರೆ ಈ ದಂಡ ತಪ್ಪುತ್ತದೆ.

ಕೋಡ್‌ನ ಮೊದಲ ಅಕ್ಷರ ‘ಪಿ’ ಆಗಿದ್ದರೆ ದೋಷ ಎಂಜಿನ್ ಅಥವಾ ಗೇರ್‌ಬಾಕ್ಸ್‌ಗೆ ಸಂಬಂಧಿಸಿದ್ದು. ಅದರ ಮುಂದಿನ ಅಂಕಿ 0 ಇದ್ದರೆ ಎಲ್ಲ ಕಂಪನಿಗಳ ಕಾರಿಗೂ ಒಂದೇ ಅರ್ಥ. 1 ಇದ್ದರೆ ಆಯಾ ತಯಾರಕರದೇ ಅರ್ಥ, ಅದಕ್ಕೆ ಆ ಮಾದರಿಯ ಕೈಪಿಡಿಯನ್ನೇ ನೋಡಬೇಕು.

ಅತಿ ಹೆಚ್ಚು ತಪ್ಪು ಓದಿಗೆ ಗುರಿಯಾಗುವುದು ಪಿ0171. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ, ಅಂದರೆ ಮಿಶ್ರಣ ‘ಲೀನ್’ ಆಗಿದೆ ಎಂಬುದಷ್ಟೇ ಇದರ ಅರ್ಥ. ಅದನ್ನು ಪತ್ತೆ ಮಾಡಿದ್ದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್. ಸುದ್ದಿ ತಂದವನನ್ನೇ ಹೊರಗಟ್ಟಿದಂತೆ ಆ ಸೆನ್ಸರನ್ನೇ ಬದಲಿಸುತ್ತಾರೆ. ನೋಡಬೇಕಾದದ್ದು ಸ್ಕ್ಯಾನರ್‌ನಲ್ಲೇ ಇರುವ ಫ್ಯುಯೆಲ್ ಟ್ರಿಮ್, ಅಂದರೆ ಮಿಶ್ರಣ ಸರಿದೂಗಿಸಲು ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ. ಶಾರ್ಟ್ (ತಕ್ಷಣದ) ಮತ್ತು ಲಾಂಗ್ (ದೀರ್ಘಕಾಲದ) ಟ್ರಿಮ್ ಎರಡನ್ನೂ ಕೂಡಿಸಿದಾಗ ಶೇ 10ರೊಳಗಿದ್ದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಶೇ +20 ತೋರಿಸಿ, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಎಲ್ಲೋ ವ್ಯಾಕ್ಯೂಮ್ ಲೀಕ್ (ಎಂಜಿನ್ ಲೆಕ್ಕಕ್ಕೆ ಸಿಗದ ಗಾಳಿ ಎಳೆದುಕೊಳ್ಳುವ ಸೋರಿಕೆ) ಇದೆ: ಬಿರಿದ ರಬ್ಬರ್ ಹೋಸ್, ಇನ್‌ಟೇಕ್ ಗ್ಯಾಸ್ಕೆಟ್, ಸರಿಯಾಗಿ ಕೂರದ ಆಯಿಲ್ ಡಿಪ್‌ಸ್ಟಿಕ್ ಕೂಡ ಆಗಬಹುದು. ಐಡ್ಲಿಂಗ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಟ್ರಿಮ್ ಏರಿದರೆ ಫ್ಯುಯೆಲ್ ಪಂಪ್ ಅಥವಾ ಫಿಲ್ಟರ್ ಮೇಲೆ ಅನುಮಾನ ಪಡಿ. ಎಂಜಿನ್ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್‌ನ ತಂತಿಗೆ ಕೊಳೆ ಹಿಡಿದಿದ್ದರೂ ಹೀಗಾಗುತ್ತದೆ. ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಹೊರಗಿನ ಗಾಳಿ ಒಳಸೇರಿ, ಸೆನ್ಸರ್‌ಗೆ ಲೀನ್ ಎಂದೇ ಕಾಣುತ್ತದೆ.

ಇನ್ನು ಪಿ0118, ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಉಷ್ಣತೆಯ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚು ಎನ್ನುವ ಕೋಡ್. ‘ಸರ್ಕ್ಯೂಟ್’ ಎಂಬ ಮಾತಿಗೆ ಕಿವಿಗೊಡಿ: ಸೆನ್ಸರ್, ಕನೆಕ್ಟರ್, ವೈರು, ಕಂಟ್ರೋಲ್ ಯೂನಿಟ್ (ಎಂಜಿನ್ನಿನ ಕಂಪ್ಯೂಟರ್) ನಾಲ್ಕೂ ಅದರಲ್ಲಿ ಬಂದವು. ಎರಡು ವೈರಿನ ಈ ಸೆನ್ಸರ್ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಇಳಿಯುತ್ತದೆ. ಬಹಳಷ್ಟು ಕಾರುಗಳಲ್ಲಿ 20 ಡಿಗ್ರಿಯಲ್ಲಿ ಎರಡೂವರೆ ಕಿಲೋ ಓಮ್‌ನ ಆಸುಪಾಸು, 80 ಡಿಗ್ರಿಯಲ್ಲಿ ಸುಮಾರು 300 ಓಮ್. ವೈರ್ ಕಡಿದಿದ್ದರೆ ಸ್ಕ್ಯಾನರ್ ಮೈನಸ್ 40 ಡಿಗ್ರಿ ತೋರಿಸುತ್ತದೆ. ಆಗ ಕನೆಕ್ಟರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ. ಓದು ಥಟ್ಟನೆ 120 ಡಿಗ್ರಿ ದಾಟಿತೆಂದರೆ ವೈರಿಂಗ್ ಸರಿಯಿದೆ, ಸೆನ್ಸರೇ ಹೋಗಿದೆ ಅಥವಾ ಅದರ ಪಿನ್ ಕೂಡುತ್ತಿಲ್ಲ. ಮೈನಸ್ 40ರಲ್ಲೇ ನಿಂತರೆ ಹೊಸ ಸೆನ್ಸರ್ ತಂದೂ ಪ್ರಯೋಜನವಿಲ್ಲ. ಮೂರು ವೈರಿನ ಸೆನ್ಸರ್‌ಗೆ ಮಾತ್ರ ಈ ಪ್ರಯೋಗ ಮಾಡಲೇಬಾರದು. ಅಲ್ಲಿ 5 ವೋಲ್ಟ್ ಸಪ್ಲೈಯೇ ಶಾರ್ಟ್ ಆದೀತು.

ಆ 5 ವೋಲ್ಟ್ ಲೈನನ್ನು ಎಷ್ಟೋ ಕಾರುಗಳಲ್ಲಿ ಹಲವು ಸೆನ್ಸರ್‌ಗಳು ಹಂಚಿಕೊಂಡಿರುತ್ತವೆ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಲೈನ್ ಪೂರ್ತಿ ಕುಸಿದು, ಒಟ್ಟೊಟ್ಟಿಗೆ ನಾಲ್ಕೈದು ಕೋಡ್‌ಗಳು ಬರುತ್ತವೆ. ಹಾಗಂತ ಐದನ್ನೂ ಬದಲಿಸುವುದು ಅನ್ಯಾಯ. ಮಲ್ಟಿಮೀಟರನ್ನು ಆ ಲೈನಿಗೆ ಹಿಡಿದು ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಕಳ್ಳ ಅಲ್ಲಿದ್ದಾನೆ. ಹಸಿರು ಕಿಲುಬು ಹಿಡಿದ ಪಿನ್, ಕ್ಲ್ಯಾಂಪಿಗೆ ಉಜ್ಜಿ ಸಿಪ್ಪೆ ಹೋದ ವೈರು, ಸಡಿಲ ಅರ್ಥ್ ಇವನ್ನೂ ಮೊದಲೇ ಕಣ್ಣಾರೆ ನೋಡಿಬಿಡಿ.

ಪಿ0302 ಎಂದರೆ ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಇರುವ ಎಂಜಿನ್ನಾದರೆ ಎರಡರ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆಯಿತೆಂದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ನೋಡಬೇಕು. ದೀಪ ಮಿನುಗುತ್ತಿದ್ದರೆ ಮಾತ್ರ ಕಾರನ್ನು ಓಡಿಸುತ್ತಲೇ ಇರಬೇಡಿ: ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಹೊತ್ತಿ ಅದರ ಒಳಭಾಗವನ್ನೇ ಕರಗಿಸಬಲ್ಲದು.

ಗ್ಯಾರೇಜಿನವರಲ್ಲಿ ನನ್ನ ವಿನಂತಿ ಒಂದೇ. ಕೋಡ್ ಅಳಿಸುವ ಮುನ್ನ ಅದರ ಫ್ರೀಜ್ ಫ್ರೇಮನ್ನು ಬರೆದುಕೊಂಡು ಗ್ರಾಹಕರ ಕೈಗೂ ಒಂದು ಪ್ರತಿ ಕೊಡಿ. ದೋಷ ದಾಖಲಾದ ಹೊತ್ತಿನ ಆರ್‌ಪಿಎಂ, ವೇಗ, ಲೋಡ್, ಕೂಲಂಟ್ ಉಷ್ಣತೆ ಅದರಲ್ಲಿರುತ್ತವೆ. ಅಳಿಸಿದರೆ ಅದೂ ಹೋಯಿತು. ಗ್ರಾಹಕರೂ ಹೊಸ ಸೆನ್ಸರ್‌ಗೆ ಒಪ್ಪುವ ಮುಂಚೆ ‘ವೈರಿಂಗ್ ಅಳೆದು ನೋಡಿದಿರಾ? ಎಷ್ಟು ವೋಲ್ಟ್ ಬಂತು?’ ಎಂದು ಕೇಳಲಿ.

ಇಂತಿ,
ಒಬ್ಬ ವಾಹನ ತಂತ್ರಜ್ಞ