ಶಾಂತಿ ಅಧ್ಯಯನಕ್ಕೆ ಒಪ್ಪಂದಗಳೇ ಪಠ್ಯವಾಗಲಿ

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯದಲ್ಲಿ ಶಾಂತಿ ಅಧ್ಯಯನ ಕಲಿಸಬೇಕೆಂದರೆ, ಅದು ನೀತಿಬೋಧೆಯ ಇನ್ನೊಂದು ಹೆಸರೆಂದು ಮೂಗು ಮುರಿಯುವವರು ಅಧ್ಯಾಪಕ ವರ್ಗದಲ್ಲೇ ಇದ್ದಾರೆ. ಸೂಕ್ತಿಗಳನ್ನು ಬಾಯಿಪಾಠ ಮಾಡಿಸಿ, ವರ್ಷಕ್ಕೊಮ್ಮೆ ಶಾಂತಿ ದಿನ ಆಚರಿಸಿ, ಅದನ್ನೇ ಪಠ್ಯಕ್ರಮವೆಂದು ಕರೆದರೆ ಅವರ ಮಾತು ನಿಜವೂ ಆಗುತ್ತದೆ.

ಆದರೆ ಈ ವಿಷಯ ಬೆಳೆದು ಬಂದ ದಾರಿ ಬೇರೆ. 1959ರಲ್ಲಿ ಓಸ್ಲೊದ ಶಾಂತಿ ಸಂಶೋಧನಾ ಸಂಸ್ಥೆಗೆ ಅಡಿಪಾಯ ಹಾಕಿದ ಯೋಹಾನ್ ಗಾಲ್ಟುಂಗ್ ಗಣಿತ ಮತ್ತು ಸಮಾಜಶಾಸ್ತ್ರ ಓದಿದವರು. ಔಷಧವಿದ್ದೂ ಕ್ಷಯರೋಗದಿಂದ ಜನ ಸಾಯುತ್ತಿದ್ದರೆ, ಒಂದು ಗುಂಡೂ ಹಾರದಿದ್ದರೂ ಅಲ್ಲಿ ಹಿಂಸೆಯಿದೆ ಎಂದು ಅವರು 1969ರಲ್ಲಿ ವಾದಿಸಿದರು. ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯ 1973ರಲ್ಲೇ ಇದಕ್ಕೆ ಪ್ರತ್ಯೇಕ ವಿಭಾಗ ತೆರೆಯಿತು.

ತರಗತಿಯಲ್ಲಿ ಓದಿಸಬೇಕಾದದ್ದು ಶಾಂತಿ ಒಪ್ಪಂದಗಳ ಮೂಲಪಠ್ಯವನ್ನು, ಅದೂ ಕಲಮು ಕಲಮಾಗಿ ಎಂಬುದು ನನ್ನ ಅಭಿಪ್ರಾಯ. ಉತ್ತರ ಐರ್ಲೆಂಡಿನ ದಶಕಗಳ ಸಶಸ್ತ್ರ ಸಂಘರ್ಷಕ್ಕೆ ತೆರೆ ಎಳೆಯಲು ಮಾಡಿಕೊಂಡ 1998ರ ಗುಡ್ ಫ್ರೈಡೇ ಒಪ್ಪಂದವನ್ನೇ ನೋಡಿ. ಕದನವಿರಾಮ ಪಾಲಿಸುವ ಗುಂಪುಗಳ ಕೈದಿಗಳ ಬಿಡುಗಡೆಗೂ ಶಸ್ತ್ರ ತ್ಯಾಗಕ್ಕೂ ಅದು ಎರಡು ವರ್ಷಗಳ ಗಡುವನ್ನೇ ಇಟ್ಟಿತ್ತು. ಬಿಡುಗಡೆ ಬಹುಮಟ್ಟಿಗೆ ಗಡುವಿನೊಳಗೆ ಮುಗಿಯಿತು. ಆದರೆ ಬ್ರಿಟಿಷ್ ಆಡಳಿತದ ವಿರುದ್ಧ ಹೋರಾಡಿದ ಸಶಸ್ತ್ರ ಗುಂಪಾದ ಐರಿಷ್ ರಿಪಬ್ಲಿಕನ್ ಆರ್ಮಿ ಶಸ್ತ್ರ ತ್ಯಜಿಸಿ ಮುಗಿಸಿದ್ದು 2005ರಲ್ಲಿ. ಹೀಗೇಕಾಯಿತೆಂದು ಹುಡುಕುವ ವಿದ್ಯಾರ್ಥಿಗೆ ಒಪ್ಪಂದದ ಭಾಷೆಯಲ್ಲೇ ಒಂದು ಸುಳಿವು ಸಿಗುತ್ತದೆ: ಬಿಡುಗಡೆ ಸರ್ಕಾರಗಳ ಕೈಯಲ್ಲಿತ್ತು, ಶಸ್ತ್ರಗಳ ವಿಷಯದಲ್ಲಿ ರಾಜಕೀಯ ಪಕ್ಷಗಳು ಒಪ್ಪಿದ್ದು ತಮಗಿರಬಹುದಾದ ಪ್ರಭಾವವನ್ನು ಬಳಸುವುದಕ್ಕಷ್ಟೆ. ಇಂಥ ಒಂದು ಜಾಣ ಸಡಿಲತೆಯಿಂದಲೇ ಸಹಿ ಸಾಧ್ಯವಾಯಿತೋ, ಅಥವಾ ಮುಂದಿನ ಬಿಕ್ಕಟ್ಟಿಗೆ ಅದೇ ಬೀಜವಾಯಿತೋ ಎಂಬ ಚರ್ಚೆಗೆ ಒಂದಿಡೀ ವಾರ ಸಾಲದು. ಕೊಲಂಬಿಯಾದಲ್ಲಿ ಸರ್ಕಾರ ಮತ್ತು ಫಾರ್ಕ್ ಬಂಡುಕೋರರ ನಡುವೆ 2016ರಲ್ಲಿ ಸಹಿಯಾದ ಒಪ್ಪಂದವನ್ನು ಮತದಾರರು ಕೂದಲೆಳೆಯ ಅಂತರದಲ್ಲಿ ತಿರಸ್ಕರಿಸಿದ್ದು, ಅದನ್ನು ತಿದ್ದಿ ಸಂಸತ್ತಿನ ಮೂಲಕ ಅಂಗೀಕರಿಸಿದ್ದು ಇನ್ನೊಂದು ಪಾಠ.

ಇದನ್ನು ರಾಜ್ಯಶಾಸ್ತ್ರದ ಒಂದು ಐಚ್ಛಿಕ ಪತ್ರಿಕೆಯಾಗಿ ತುರುಕಿ ಕೈತೊಳೆದುಕೊಳ್ಳುವುದು ಬೇಡ. ಕಲಮುಗಳನ್ನು ಬಿಡಿಸಲು ಕಾನೂನು ಬಲ್ಲವರು ಬೇಕು, ಭೂ ಹಂಚಿಕೆಯ ಲೆಕ್ಕಕ್ಕೆ ಅರ್ಥಶಾಸ್ತ್ರಜ್ಞರು ಬೇಕು. ಕೆಲಸ ಸಿಗುತ್ತದೆಯೇ ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. ಕಾರ್ಮಿಕ ವ್ಯಾಜ್ಯ, ಜಲವಿವಾದ, ನಿರಾಶ್ರಿತರ ಪುನರ್ವಸತಿ ಇರುವಲ್ಲೆಲ್ಲ ಸಂಧಾನ ಬಲ್ಲವರ ಅಗತ್ಯವಿದೆ. ಪರೀಕ್ಷೆಯೂ ಬದಲಾಗಲಿ. ಶಾಂತಿಯ ಮಹತ್ವ ಕುರಿತು ಪ್ರಬಂಧ ಬರೆಸುವುದರ ಬದಲು, ಮುರಿದುಬಿದ್ದ ಒಂದು ಕದನವಿರಾಮದ ಕರಡನ್ನು ಮುಂದಿಟ್ಟು, ಯಾವ ಕಲಮು ಕೈಕೊಟ್ಟಿತು, ನೀವಾಗಿದ್ದರೆ ಹೇಗೆ ಬರೆಯುತ್ತಿದ್ದಿರಿ ಎಂದು ಕೇಳಲಿ.

ಇತಿ,
ಓರ್ವ ಅಧ್ಯಾಪಕ